ಕಾಗದ ಬೇಯಿಸಿದ ಒಲೆ

ಹೋದ ವಾರ ನಮ್ಮ ಕಚೇರಿಗೆ ಗುರುತಿಲ್ಲದ ಯಾವುದೋ ಮನೆಯಿಂದ ಒಂದು ಬಟ್ಟೆಗಂಟು ಬಂತು. ಕಾರವಾರದ ಈ ಕಚೇರಿಯಲ್ಲಿ ನನ್ನ ಕೆಲಸ ಹಳೆಯ ಕಾಗದಗಳದ್ದು. ಊರೂರಿನ ಮನೆಗಳಿಂದ, ದೇವಸ್ಥಾನಗಳಿಂದ, ಮುಚ್ಚಿಹೋದ ಶಾಲೆಗಳಿಂದ ಬಂದ ದಾಖಲೆಗಳನ್ನು ಬಿಚ್ಚುವುದು, ಧೂಳು ಹೊಡೆಯುವುದು, ಹರಿದಲ್ಲಿ ತೆಳು ಕಾಗದ ಅಂಟಿಸುವುದು, ಒಂದೊಂದೇ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು. ನಿವೃತ್ತಿ ಹತ್ತಿರ ಬಂತು, ಇಂಥ ಗಂಟು ಎಷ್ಟು ಬಿಚ್ಚಿದ್ದೇನೋ ನನಗೇ ನೆನಪಿಲ್ಲ. ಆದರೆ ಈ ಗಂಟು ಬಿಚ್ಚಿದ್ದೇ ತಡ, ಮೂಗಿಗೆ ಹೊಗೆಯ ವಾಸನೆ ಅಡರಿತು. ಕಸ ಸುಟ್ಟ ಹೊಗೆಯಲ್ಲ, ಹಸಿ ತೆಂಗಿನ ಸಿಪ್ಪೆಯ ಹೊಗೆ. ಅದರೊಳಗೆ ಚೂರು ಮುರುಗಲ ಹುಳಿ, ಚೂರು ಒಣಮೀನು ಸೇರಿಕೊಂಡು, ವರ್ಷಾನುಗಟ್ಟಲೆ ಕೂತು ಹಳತಾದ ಹೊಗೆ. ಪಕ್ಕದ ಮೇಜಿನ ಶೈಲಾ ಎರಡು ಸಲ ಸೀನಿ, "ಎಂತದ್ದೇ ಇದು, ಕಾಗದವಾ ಒಣಬಂಗಡೆಯಾ?" ಅಂದಳು. ನಾನು ಮುಖವನ್ನು ಇನ್ನಷ್ಟು ಹತ್ತಿರ ತಂದು ಮತ್ತೊಮ್ಮೆ ಮೂಸಿದೆ. ಇವಳಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಅಂತ ಅವಳು ತಿಳಿದುಕೊಂಡಳು, ಅದೂ ಒಳ್ಳೆಯದೇ ಆಯಿತು.

ನಮ್ಮ ಮನೆ ಇದ್ದದ್ದು ಅಂಕೋಲೆಯ ಹತ್ತಿರ, ಬೊಬ್ರುವಾಡದಲ್ಲಿ. ಈಗ ಆ ಜಾಗದಲ್ಲಿ ಬಾಡಿಗೆಗೆ ಕೊಡಲು ಕಟ್ಟಿಸಿದ ತಾರಸಿ ಮನೆಗಳ ಸಾಲು ನಿಂತಿದೆ, ಬಾವಿಯನ್ನೂ ಮುಚ್ಚಿದ್ದಾರೆ. ನನ್ನ ಚಿಕ್ಕಂದಿನಲ್ಲಿ ಅದು ಹಂಚಿನ ಮನೆ. ಎದುರಿಗೆ ಸಗಣಿ ಸಾರಿಸಿದ ಅಂಗಳ, ಉದ್ದನೆಯ ಜಗಲಿ, ನಡುಮನೆ, ಅದರ ಹಿಂದೆ ಹಗಲಲ್ಲೂ ಕಣ್ಣು ಕಾಣದ ಅಡುಗೆ ಕೋಣೆ. ಒಳಗೆ ಕಾಲಿಟ್ಟರೆ ಮೊದಲು ಬಿಸಿ ತಾಗುತ್ತಿತ್ತು, ಆಮೇಲೆ ಹೊಗೆ, ಆಮೇಲೆ ನಿಧಾನಕ್ಕೆ ಕೆಂಡದ ಬೆಳಕಿನಲ್ಲಿ ಆಯಿಯ ಮುಖ. ಅಮ್ಮನನ್ನು ನಾವು ಆಯಿ ಅಂತಲೇ ಕರೆಯುತ್ತಿದ್ದೆವು. ಒಲೆಯ ನೆತ್ತಿಯ ಮೇಲೆ ಬಿದಿರ ಗಳ ಹಾಸಿದ ಅಟ್ಟ. ನಮ್ಮ ಕಡೆ ಅಂಥ ಅಟ್ಟ ಎಲ್ಲರ ಮನೆಯಲ್ಲೂ ಇತ್ತು. ಬೀಜದ ಸೌತೆ, ಬೀಜದ ಭತ್ತ, ಮುರುಗಲ ಸಿಪ್ಪೆ, ತೆಂಗಿನಕಾಯಿ, ಒಣಮೀನಿನ ಬುಟ್ಟಿ, ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಹೋಗುವುದು ಅಲ್ಲಿಗೇ. ಕೆಳಗಿಂದ ಏಳುವ ಹೊಗೆ ಅವಕ್ಕೆ ಕಾವಲು. ನಮ್ಮ ಅಟ್ಟದಲ್ಲಿ ಇವೆಲ್ಲದರ ಜೊತೆಗೆ ಊರಿನ ಕಾಗದಗಳೂ ಇದ್ದವು.

ಅಪ್ಪನ ಅಪ್ಪ ಊರಿನ ಶಾನಭಾಗರಾಗಿದ್ದವರು. ಆ ಪದ್ಧತಿ ನಿಂತಾಗ ಸರಕಾರದ ದಫ್ತರಗಳೆಲ್ಲ ಗಾಡಿ ಹತ್ತಿ ತಾಲೂಕು ಕಚೇರಿಗೆ ಹೋದವಂತೆ. ಸರಕಾರಕ್ಕೆ ಬೇಡವಾದದ್ದು ನಮ್ಮಲ್ಲೇ ಉಳಿಯಿತು. ಗಜನಿಯ ಕಟ್ಟೆಯನ್ನು ಯಾವ ಮನೆಯವರು ಯಾವ ತುಂಡು ರಿಪೇರಿ ಮಾಡಬೇಕು ಅನ್ನುವ ಕರಾರು, ಯಾರ ತೋಟದೊಳಗೆ ಯಾರಿಗೆ ದಾರಿ, ಮೊದಲ ಶಾಲೆಗೆ ಜಾಗ ಕೊಟ್ಟವರು ಯಾರು, ದೊಡ್ಡ ಬೇನೆ ಬಂದ ವರ್ಷ ಯಾರ್ಯಾರ ಮನೆ ಖಾಲಿಯಾಯಿತು. ಗಜನಿ ಅಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆ. ಕಟ್ಟೆ ಒಡೆದರೆ ಒಬ್ಬನದ್ದಲ್ಲ, ಎಲ್ಲರ ಬೆಳೆಯೂ ಹೋಗುತ್ತದೆ, ಹಾಗಾಗಿ ಅದರ ಕರಾರುಗಳೇ ಒಂದು ಹೊರೆ. ಕೆಲವು ಕನ್ನಡದಲ್ಲಿದ್ದವು, ಕೆಲವು ಮರಾಠಿಯ ಮೋಡಿ ಅಕ್ಷರದಲ್ಲಿ. ಒಂದೊಂದು ಕಟ್ಟನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದರು. ಬಟ್ಟೆ ಒಂದು ಕಾಲಕ್ಕೆ ಕೆಂಪಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಅದು ದೋಸೆಕಾವಲಿಯ ಬಣ್ಣಕ್ಕೆ ತಿರುಗಿತ್ತು. ಬೀಜಕ್ಕೆ ಹುಳ ಹಿಡಿಯದ ಜಾಗದಲ್ಲಿ ಕಾಗದಕ್ಕೂ ಹಿಡಿಯುವುದಿಲ್ಲ ಅಂತ ಅಜ್ಜನಿಗೆ ಅನ್ನಿಸಿದೆ, ಅಟ್ಟಕ್ಕೆ ಏರಿಸಿದ್ದಾನೆ, ಅಷ್ಟೇ. ಅವನು ಎಣಿಸಿದ್ದೂ ಸರಿಯೇ ಆಯಿತು. ಸುತ್ತಲಿನ ಊರುಗಳಲ್ಲಿ ಕಾಗದ ಕೇಳಿದರೆ ಒರಲೆ ತಿಂದು ಬಿಟ್ಟ ಮಣ್ಣು ತೋರಿಸುತ್ತಿದ್ದರು. ಗೆದ್ದಲಿಗೆ ನಾವು ಒರಲೆ ಅನ್ನುತ್ತೇವೆ. ನಮ್ಮ ಮನೆಯ ಒಂದು ಹಾಳೆಗೂ ಅದು ಬಾಯಿ ಹಾಕಿರಲಿಲ್ಲ.

ಅಪ್ಪ ಕನ್ನಡ ಶಾಲೆಯ ಮಾಸ್ತರ. ಊರಿಗೆಲ್ಲ ಮಾಸ್ತರು, ಮನೆಗೂ ಮಾಸ್ತರೇ. ಎತ್ತರದ ಆಳು, ಮಾತು ಕಮ್ಮಿ, ಬಿಳಿ ಅಂಗಿಯ ತೋಳನ್ನು ಯಾವಾಗಲೂ ಎರಡೇ ಸುತ್ತು ಮಡಚುವವನು. ಅಜ್ಜ ಸಾಯುವಾಗ "ಒಲೆ ಆರಬಾರ್ದು ತಮ್ಮಾ" ಅಂದಿದ್ದನಂತೆ. ಸಾಯುವವರು ಹೇಳಿದ್ದನ್ನು ಅಪ್ಪ ಹಗುರಾಗಿ ತಗೊಳ್ಳುವವನಲ್ಲ. ಬೇರೆ ಮನೆಗಳಲ್ಲಿ ಊಟವಾದ ಮೇಲೆ ಒಲೆ ಆರುತ್ತಿತ್ತು. ನಮ್ಮಲ್ಲಿ ಮಳೆಗಾಲ ಶುರುವಾದರೆ ಸಾಕು, ಸಂಜೆಯವರೆಗೂ ಒಂದು ಸಿಪ್ಪೆಯಾದರೂ ಹೊಗೆಯಾಡುತ್ತಿರಬೇಕು. ಅದೂ ಚೆನ್ನಾಗಿ ಉರಿಯುವ ಸೌದೆ ಹಾಕಿದರೆ ಪ್ರಯೋಜನವಿಲ್ಲ. ಹಸಿಹಸಿ ತೆಂಗಿನ ಮಡಲು, ನೆಂದ ಸಿಪ್ಪೆ ಹಾಕಬೇಕು, ಆಗಲೇ ದಪ್ಪ ಹೊಗೆ. ಹಾಕುವವಳು ಆಯಿ, ಊದುಗೊಳವೆ ಊದುವವಳು ಆಯಿ. ಅಪ್ಪ ಶಾಲೆಯಿಂದ ಬಂದವನು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅಟ್ಟದ ಕಡೆ ಒಮ್ಮೆ ತಲೆಯೆತ್ತಿ ನೋಡಿ ಹೋಗುತ್ತಿದ್ದ. ಕೆಳಗೆ ಕೂತ ಹೆಂಡತಿಯ ಕಡೆ ನೋಡುತ್ತಿದ್ದನೋ ಇಲ್ಲವೋ ನನಗೆ ನೆನಪಿಲ್ಲ. ನಾನಾದರೂ ನೋಡಿದ್ದೆನೇ? ತಾಯಿಯ ಕೆಮ್ಮು ಅಂದರೆ ಮನೆಯ ಕದದ ಕಿರುಗುಟ್ಟುವಿಕೆಯಷ್ಟೇ ರೂಢಿಯಾಗಿತ್ತು ನಮಗೆ.

ಕಾಗದ ಕೇಳಿಕೊಂಡು ಜನ ಬರುತ್ತಲೇ ಇದ್ದರು. ಬೊಬ್ರುವಾಡದವರು, ಅಂಕೋಲೆ ಪೇಟೆಯವರು, ದೂರದ ಅವರ್ಸಾದಿಂದಲೂ. ಎಲ್ಲರಿಗಿಂತ ಹೆಚ್ಚು ಬಂದವನು ಬೀರಣ್ಣ. ಅವನದ್ದು ಎರಡು ತುಂಡು ಗಜನಿ ಗದ್ದೆ. ಅಲ್ಲಿಗೆ ಹೋಗುವ ದಾರಿ ಇನ್ನೊಬ್ಬರ ತೆಂಗಿನ ತೋಟದ ನಡುವೆ. ತೋಟದವರು ಎರಡು ವರ್ಷಕ್ಕೊಮ್ಮೆ ಬೇಲಿ ಜಡಿಯುತ್ತಿದ್ದರು, ಬೀರಣ್ಣ ಹಾರೆ ಹಿಡಿದುಕೊಂಡೇ ನಮ್ಮ ಜಗಲಿಗೆ ಬರುತ್ತಿದ್ದ. ಅಪ್ಪ ಏಣಿ ಹತ್ತಿ ಗಂಟು ಇಳಿಸಿ, ಅಂಗಳದಲ್ಲಿ ಮಸಿ ಕೊಡವಿ, ತೋಟದವರನ್ನೂ ಕರೆಸಿ ಓದುತ್ತಿದ್ದ: ಬೀರಣ್ಣನ ಮುತ್ತಜ್ಜನ ಮನೆಯವರು ಎತ್ತು, ನೇಗಿಲು, ಹೊರೆ ಸಮೇತ ಆ ದಾರಿಯಲ್ಲಿ ಹೋಗತಕ್ಕದ್ದು, ತಡೆಯಕೂಡದು. ಕೆಳಗೆ ಎರಡೂ ಕಡೆಯವರ ಹೆಬ್ಬೆಟ್ಟು. ತೋಟದ ಯಜಮಾನ ತನ್ನ ಅಜ್ಜನ ಹೆಬ್ಬೆಟ್ಟನ್ನು ಬಗ್ಗಿ ನೋಡಿ, "ಆಯ್ತು ಬಿಡಿ ಮಾಸ್ತರೇ, ಅಜ್ಜ ಒತ್ತಿದ ಮೇಲೆ ಮುಗೀತು" ಅಂದು ಹೋಗುತ್ತಿದ್ದ. ಬೇಲಿ ತೆರೆಯುತ್ತಿತ್ತು. ಮಾರನೆಯ ದಿನ ಬೀರಣ್ಣ ಒಂದು ಹೆಡಿಗೆ ಬೆಂಡೆಕಾಯಿಯನ್ನೋ ನಾಲ್ಕು ನೊಗಲಿ ಮೀನನ್ನೋ ತಂದಿಟ್ಟು ಹೋಗುವನು. ಒಳಗಿಂದ ಆಯಿ, "ಜಗಳ ಬಗೆಹರಿಯೂದು ಜಗಲಿಯಲ್ಲಿ, ಹೊಗೆ ಕುಡಿಯೂದು ನಾನು. ನನಗೆ ಎಂತಾ ತಂದೆ ಬೀರಣ್ಣಾ?" ಅಂತ ಕೂಗಿದರೆ, ಅವನು "ಅಕ್ಕಾ, ಮೀನು ನಿಮಗೇ ಸೈ, ಮಾಸ್ತರ್ರಿಗೆ ಮುಳ್ಳು" ಅಂತ ನಗುತ್ತಿದ್ದ. ಒಳ್ಳೆ ಮನುಷ್ಯ. ಮುಂದೆ ನಡೆದದ್ದಕ್ಕೆ ಅವನನ್ನು ನಾನು ದೂರುವುದಿಲ್ಲ.

ನಾನು ಏಳನೆಯೋ ಎಂಟನೆಯೋ ತರಗತಿಯಲ್ಲಿದ್ದಾಗ ಆಯಿಗೆ ದಮ್ಮು ಜೋರಾಯಿತು. ಮೊದಲು ಮಳೆಗಾಲದಲ್ಲಿ ಮಾತ್ರ ಬರುತ್ತಿದ್ದದ್ದು ಬೇಸಗೆಗೂ ಬಂತು. ಬಾವಿಯಿಂದ ಒಂದು ಕೊಡ ನೀರು ತಂದರೆ ಜಗಲಿಯ ಕಂಬ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಭುಜ ಏರುವುದು, ಕತ್ತಿನ ಗುಂಡಿ ಒಳಗೆ ಹೋಗುವುದು, ಬಾಯಿಂದ ಸಿಳ್ಳೆಯ ಹಾಗೆ ಸದ್ದು. ಅವಳ ತಮ್ಮ ವಸಂತ ಮಾಮ ಅವರ್ಸಾದವನು, ಕಾರವಾರದ ಬಂದರಿನಲ್ಲಿ ಕೆಲಸ. ಬಾಯಿ ಜೋರು, ಕೈ ಧಾರಾಳ. ಒಮ್ಮೆ ಬಂದವನು ಅಕ್ಕನ ಅವಸ್ಥೆ ನೋಡಿ ಆಗಲೇ ಕಾರವಾರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಂದೇ ಮಾತು ಹೇಳಿದರಂತೆ: ಔಷಧ ನಾನು ಕೊಡ್ತೇನೆ, ಆದರೆ ಈಕೆಯನ್ನು ಹೊಗೆಯಿಂದ ಹೊರಗೆ ತನ್ನಿ, ಇಲ್ಲದಿದ್ದರೆ ಬಹಳ ದಿನ ಇಲ್ಲ. ಮಾಮ ಅದನ್ನು ಮನೆಗೆ ಬಂದು ಅಪ್ಪನ ಎದುರು ಇದ್ದದ್ದು ಇದ್ದ ಹಾಗೆ ಹೇಳಿದ. "ಭಾವ, ನಿಮಗೆ ಕಾಗದ ಬೇಕಾ, ಅಕ್ಕ ಬೇಕಾ?" ಅಪ್ಪನಿಗೆ ಅಷ್ಟು ಎದುರೆದುರು ಮಾತಾಡಿದವರನ್ನು ನಾನು ನೋಡಿರಲಿಲ್ಲ. ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದ. ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪ ಕೂಡಲೇ "ನಿನ್ನ ಅಕ್ಕ ಬೇಕು" ಅನ್ನಲಿಲ್ಲವಲ್ಲ ಅಂತ ಎದೆ ಉರಿಯಿತು. ಇಡೀ ದಿನ ಅವನ ಕಡೆ ನೋಡಲಿಲ್ಲ.

ಈಗ ಯೋಚಿಸಿದರೆ ಅವನು ಹೊರಗೆ ಹೋದದ್ದು ಬೇರೆ ಅಟ್ಟ ಹುಡುಕುವುದಕ್ಕೆ. ಮುಂದಿನ ವಾರಗಳಲ್ಲಿ ಅವನು ಮಾಡದ ಉಪಾಯವಿಲ್ಲ. ಬೇರೆ ಮನೆಯ ಅಟ್ಟದಲ್ಲಿ ಇಡೋಣವೆಂದರೆ ಊರವರಿಗೆ ಒಪ್ಪಿಗೆಯಿಲ್ಲ. ಇವರಲ್ಲಿ ಇಟ್ಟರೆ ಅವರಿಗೆ ಗುಮಾನಿ, ಅವರಲ್ಲಿ ಇಟ್ಟರೆ ಇವರಿಗೆ. "ನಿಮ್ಮ ಮನೆ ಹೊಗೆಯೇ ಒಳ್ಳೇದು ಮಾಸ್ತರೇ" ಅಂತ ಎಲ್ಲರದ್ದೂ ಒಂದೇ ರಾಗ. ಹೊಗೆ ಕುಡಿಯುವವರು ಅವರಲ್ಲವಲ್ಲ! ಒಂದೆರಡು ಕಚೇರಿಗಳಲ್ಲಿ ಕೇಳಿದ್ದಕ್ಕೆ ಸರಕಾರಿ ದಾಖಲೆಯಲ್ಲದ್ದಕ್ಕೆ ಜಾಗವಿಲ್ಲ ಅಂದರು. ಮಾಮ ದೊಡ್ಡ ತಗಡಿನ ಪೆಟ್ಟಿಗೆ ತಂದುಕೊಟ್ಟ. ಡಾಂಬರು ಗುಳಿಗೆ ಹಾಕಿ ಒಂದು ಗಂಟನ್ನು ಅದರಲ್ಲಿಟ್ಟು ನೋಡಿದರು. ಆಷಾಢದ ಮಳೆಗೆ ತಗಡು ಒಳಗೊಳಗೇ ಬೆವರಿ, ತೆರೆದು ನೋಡುವಾಗ ಕಾಗದದ ಮೇಲೆ ಹಸಿರು ಬೂಸು, ಹಾಳೆಗೆ ಹಾಳೆ ಅಂಟಿ ಹಲ್ವದ ಹಾಗೆ. ಭಾನುವಾರಗಳಲ್ಲಿ ಅಪ್ಪ ನಕಲು ಇಳಿಸಲಿಕ್ಕೂ ಕೂತ. ಮೋಡಿ ಅಕ್ಷರ ಅವನಿಗೂ ಬರುತ್ತಿರಲಿಲ್ಲ, ಓದಿ ಹೇಳುವವರೂ ಊರಲ್ಲಿ ಉಳಿದಿರಲಿಲ್ಲ. ಕನ್ನಡದ ಒಂದು ಗಂಟು ಅರ್ಧಕ್ಕೆ ಬಂದಿತ್ತೇನೋ. ಅದೂ ನಕಲಿಗೆ ಹೆಬ್ಬೆಟ್ಟು ಎಲ್ಲಿಂದ ತರುವುದು? ಊರಿನವರು ನಂಬುತ್ತಿದ್ದದ್ದು ಹೆಬ್ಬೆಟ್ಟನ್ನು.

ಕೊನೆಗೆ ಅಪ್ಪ ಒಂದು ಏರ್ಪಾಡು ಮಾಡಿದ. ಇಂಥ ಏರ್ಪಾಡು ನಮ್ಮ ಅಪ್ಪನಂಥವನಿಗೇ ಹೊಳೆಯಬೇಕು. ಮಾಮ ಗ್ಯಾಸಿನ ಒಲೆ ಕೊಡಿಸಿದ್ದ. ಅದನ್ನು ಜಗಲಿಯ ಕೊನೆಗೆ ತಟ್ಟಿ ಕಟ್ಟಿ ಮಾಡಿದ ಚಿಕ್ಕ ಕೋಣೆಯಲ್ಲಿ ಇಟ್ಟರು, ಆಯಿಯ ಅಡುಗೆ ಅಲ್ಲಿ. ಹಿಂದಿನ ಹಳೆಯ ಕೋಣೆಯಲ್ಲಿ ಬರೀ ಒಲೆ, ಮೇಲೆ ಬರೀ ಕಾಗದ. ಆ ಒಲೆಗೆ ಬೆಂಕಿ ಹಾಕುವ ಕೆಲಸ ತನ್ನದು ಅಂತ ಅಪ್ಪ ಹೇಳಿದ. ಜನ್ಮದಲ್ಲಿ ಒಂದು ಲೋಟ ಚಹಾ ಕಾಸದ ಮನುಷ್ಯ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿಕೊಂಡು, ಊದುಗೊಳವೆ ಹಿಡಿದು ಕುಕ್ಕರುಗಾಲಲ್ಲಿ ಕೂತು ಊದುವುದನ್ನು ನೋಡಬೇಕಿತ್ತು ನೀವು. ಮೊದಲ ದಿನ ಮೀಸೆಯ ತುದಿ ಸುಟ್ಟುಕೊಂಡ. ಆಯಿ ನಗಲೂ ಆಗದೆ, ನಗದಿರಲೂ ಆಗದೆ, ನಕ್ಕರೆ ಕೆಮ್ಮು ಬರುತ್ತದೆಂದು ಬಾಯಿಗೆ ಸೆರಗು ಒತ್ತಿಕೊಂಡು ಅಂಗಳಕ್ಕೆ ಓಡಿದಳು. ಒಲೆಯ ಮೇಲೆ ಪಾತ್ರೆಯಿಲ್ಲ, ಅನ್ನವಿಲ್ಲ, ಹೊಗೆ ಮಾತ್ರ ಹಂಚಿನ ಸಂದಿನಿಂದ ದಿನವಿಡೀ ಏಳುತ್ತಿತ್ತು. ದಾರಿಯಲ್ಲಿ ಹೋಗುವವರು "ಮಾಸ್ತರ್ರ ಮನೆಯಲ್ಲಿ ಇವತ್ತು ಎಂತಾ ಅಡುಗೆ?" ಅಂತ ಕೇಳಿ, "ಕಾಗದ ಬೇಯ್ತಾ ಉಂಟು" ಅಂತ ತಾವೇ ಹೇಳಿಕೊಂಡು ನಗುತ್ತಿದ್ದರು. ಶಾಲೆಯಲ್ಲಿ ಹುಡುಗಿಯರು "ನಿಮ್ಮಲ್ಲಿ ಕಾಗದಕ್ಕೆ ಉಪ್ಪು ಹಾಕ್ತ್ರಾ?" ಅಂತ ನನ್ನನ್ನು ಚುಡಾಯಿಸುತ್ತಿದ್ದರು. ನನಗೆ ಅವಮಾನವೇನೂ ಆಗುತ್ತಿರಲಿಲ್ಲ. ಆ ಒಂದು ವರ್ಷ ನಮ್ಮ ಮನೆಯಲ್ಲಿ ನಗು ಇತ್ತು, ಆಯಿ ಬೆಳಕಿನಲ್ಲಿ ಕೂತು ಅಡುಗೆ ಮಾಡುತ್ತಿದ್ದಳು. ಅವಳ ಮುಖ ಅಷ್ಟು ಬೆಳ್ಳಗಿದೆ ಅಂತ ನನಗೆ ಆಗ ಗೊತ್ತಾಯಿತು.

ಆದರೆ ಹೊಗೆಗೆ ಬಾಗಿಲು ಹಾಕಿದರೆ ನಿಲ್ಲುತ್ತದೆಯೇ? ಹಂಚಿನ ಕೆಳಗೆ ಇಡೀ ಮನೆ ಒಂದೇ. ಕಮ್ಮಿಯಾಗಿದ್ದ ದಮ್ಮು ಪೂರಾ ಹೋಗಲಿಲ್ಲ. ಮರು ವರ್ಷದ ಮಳೆಗಾಲದಲ್ಲಿ ಅಪ್ಪನಿಗೆ ಶಾಲೆಯ ಕಡೆಯಿಂದ ಕಾರವಾರದಲ್ಲಿ ತರಬೇತಿ ಬಿತ್ತು. ಅಲ್ಲೇ ಉಳಿಯಬೇಕು. ಹೋಗುವಾಗ ಆಯಿಗೆ, "ನೀನು ಹಿಂದಿನ ಕೋಣೆಗೆ ಹೋಗ್ಬೇಡ. ನಾಲ್ಕು ದಿನಕ್ಕೆ ಕಾಗದಕ್ಕೆ ಎಂತದ್ದೂ ಆಗೂದಿಲ್ಲ" ಅಂತ ಹೇಳಿಯೇ ಹೋಗಿದ್ದ. ಮಳೆ ಅಂದರೆ ಅಂಥಿಂಥ ಮಳೆಯಲ್ಲ. ಗೋಡೆಯ ಬುಡ ನೆಂದು, ನೆಲದಿಂದ ಮಣ್ಣಿನ ವಾಸನೆ ಏಳುತ್ತಿತ್ತು. ನಾನು ಶಾಲೆ ಬಿಟ್ಟು ಮನೆಗೆ ಬಂದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಹಂಚಿನ ಸಂದಿನಿಂದ ದಪ್ಪ ಹೊಗೆ ಏಳುತ್ತಿತ್ತು. ಓಡಿಹೋಗಿ ನೋಡಿದರೆ ಆಯಿ ಒಲೆಯ ಪಕ್ಕ ಗೋಡೆಗೆ ಒರಗಿ ಬಿದ್ದಿದ್ದಳು. ಊದುಗೊಳವೆ ಮಡಿಲಲ್ಲಿತ್ತು. ತುಟಿ ನೀಲಿ. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ನಾನು ಅವಳ ಎರಡೂ ಕೈ ಹಿಡಿದು ಅಂಗಳಕ್ಕೆ, ಮಳೆಗೆ, ಎಳೆದುಕೊಂಡು ಬಂದೆ. ಕೂಗಿದ್ದು ಕೇಳಿ ಮೊದಲು ಓಡಿ ಬಂದವನು ಬೀರಣ್ಣ. ಅವನೇ ಅವಳನ್ನು ಹೆಗಲಿಗೆ ಹಾಕಿಕೊಂಡು ಹೆದ್ದಾರಿಗೆ ಓಡಿ, ಮೀನಿನ ಟೆಂಪೋ ಒಂದನ್ನು ಅಡ್ಡ ಹಾಕಿ ನಿಲ್ಲಿಸಿ, ಐಸು ಪೆಟ್ಟಿಗೆಗಳ ನಡುವೆ ಅವಳನ್ನು ಮಲಗಿಸಿ, ಕಾರವಾರದ ಆಸ್ಪತ್ರೆ ಮುಟ್ಟಿಸಿದ. ದಾರಿಯುದ್ದಕ್ಕೂ ನಾನು ಆಯಿಯ ಎದೆ ಏಳುತ್ತದೋ ಇಲ್ಲವೋ ನೋಡುತ್ತಾ ಕೂತಿದ್ದೆ. ಆ ದಾರಿಯಲ್ಲಿ ಸಮುದ್ರ ಕಾಣುತ್ತದೆ, ಸೇತುವೆ ಬರುತ್ತದೆ. ನನಗೆ ಒಂದೂ ನೆನಪಿಲ್ಲ.

ಬದುಕಿದಳು. ತರಬೇತಿ ಬಿಟ್ಟು ಓಡಿ ಬಂದ ಅಪ್ಪ ಮಂಚದ ಹತ್ತಿರ ನಿಂತಿದ್ದ. ಮೂಗಿನ ನಳಿಗೆ ತೆಗೆದ ಮೇಲೆ ಆಯಿ ಆಡಿದ ಮೊದಲ ಮಾತು, "ಒಲೆ ಆರಿಹೋಯ್ತೇನೋ" ಅಂತ. ಯಾಕೆ ಹೋದೆ ಅಂತ ಅಪ್ಪ ಕೇಳಿದ. "ಗೋಡೆ ಬುಡದಲ್ಲಿ ಒರಲೆ ಮಣ್ಣು ಕಂಡೆ. ನೀವು ಬಂದು ನೋಡಿ ಎದೆ ಒಡ್ಕಂತ್ರಿ ಅಂತ" ಅಂದಳು. ಅಪ್ಪ ಆಸ್ಪತ್ರೆಯ ಕಿಟಕಿಯ ಕಡೆ ತಿರುಗಿ ನಿಂತ. ಬೆನ್ನು ಅಲುಗುತ್ತಿತ್ತು. ಮಾಸ್ತರು ಅಳುವುದನ್ನು ಬೀರಣ್ಣನೂ ನೋಡಿದ, ನಾನೂ ನೋಡಿದೆ, ಅಲ್ಲಿದ್ದ ನರ್ಸಮ್ಮನೂ ನೋಡಿದಳು. ನನಗೆ ಅಪ್ಪನ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಆಯಿಯನ್ನು ಮನೆಗೆ ತರುವ ಮೊದಲು ಅಪ್ಪ ಒಬ್ಬನೇ ಹೋಗಿ ಹಾರೆ ತೆಗೆದುಕೊಂಡು ಹಿಂದಿನ ಕೋಣೆಯ ಒಲೆಯನ್ನು ಒಡೆದ. ನೀರು ಸುರಿದದ್ದಲ್ಲ, ಬುಡ ಸಮೇತ ಒಡೆದು, ಮಣ್ಣು ಹೊರಗೆ ಹೊತ್ತು ಹಾಕಿ, ಆ ಜಾಗಕ್ಕೆ ಸಗಣಿ ಸಾರಿಸಿದ. ಆಯಿ ಬಂದು ನೋಡಿ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು. "ಅಷ್ಟು ತಲೆಯವರು ಕಾದದ್ದನ್ನ ನಾ ಬಂದು ಹಾಳು ಮಾಡಿದ ಹಾಗಾಯ್ತು" ಅಂತ ನನ್ನ ಹತ್ತಿರ ಅತ್ತಳು. ಅಪ್ಪ ಗಂಟುಗಳನ್ನು ನಡುಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟು, ಹಲಗೆಯ ಕಾಲುಗಳ ಬುಡಕ್ಕೆ ಸೀಮೆ ಎಣ್ಣೆಯ ಬಟ್ಟಲು ಇಟ್ಟ, ಬೇವಿನ ಸೊಪ್ಪು ಹಾಕಿದ, ಬಿಸಿಲು ಕಂಡಾಗೆಲ್ಲ ಅಂಗಳದಲ್ಲಿ ಹಪ್ಪಳದ ಹಾಗೆ ಹರಡಿದ. ಎರಡು ಮಳೆಗಾಲ ಕಳೆಯಿತು. ಮೂರನೆಯದರ ಕೊನೆಗೆ ಒಂದು ಗಂಟು ಎತ್ತಿದಾಗ ಅದು ಹಗುರಾಗಿತ್ತು. ಬಟ್ಟೆ ಗಟ್ಟಿ, ಗಂಟು ಗಟ್ಟಿ, ಬಿಚ್ಚಿದರೆ ಒಳಗೆ ಕಾಗದದ ಜಾಗದಲ್ಲಿ ಕೆಮ್ಮಣ್ಣು. ಒರಲೆ ಹಿಂದಿನ ಗೋಡೆಯೊಳಗಿಂದ ಬಂದಿತ್ತು. ಅಪ್ಪ ಉಳಿದವನ್ನೂ ಒಂದೊಂದಾಗಿ ಬಿಚ್ಚಿದ. ಎಲ್ಲ ಮುಗಿದ ಮೇಲೆ ಅವನ ಎದುರು ಒಂದು ರಾಶಿ ಮಣ್ಣು, ಒಂದು ರಾಶಿ ಬಟ್ಟೆ. ಆಯಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ಊಟಕ್ಕೆ ಬಡಿಸು, ಹಸಿವಾಯ್ತು" ಅಂದ ಅಪ್ಪ. ಬಡಿಸಿದಳು. ಉಂಡ. ಬಂಗಡೆ ಸಾರು ಎರಡು ಸಲ ಹಾಕಿಸಿಕೊಂಡ. ಅವನಿಗೆ ಹಸಿವಿರಲಿಲ್ಲ, ನನಗೂ ಗೊತ್ತಿತ್ತು, ಆಯಿಗೂ ಗೊತ್ತಿತ್ತು.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಜನ ಬಂದು ಕೇಳಿದರು. ಹೇಗಾಯಿತು ಮಾಸ್ತರೇ, ನಿಮ್ಮ ಅಪ್ಪ ಇಷ್ಟು ವರ್ಷ ಕಾದದ್ದು ನಿಮ್ಮ ಕೈಯಲ್ಲಿ ಹೇಗೆ ಹೋಯಿತು? ಅಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: "ನನ್ನ ಅಲಕ್ಷ್ಯ." ದಮ್ಮಿನ ಮಾತಿಲ್ಲ, ಡಾಕ್ಟರರ ಮಾತಿಲ್ಲ. ಆಯಿ ಜಗಳ ಮಾಡಿದಳು, "ಇದ್ದದ್ದು ಹೇಳೂಕೆ ಎಂತಾ ಕಷ್ಟ ನಿಮಗೆ?" ಅಂತ. "ಕಾಗದ ಹೋದದ್ದು ನಿನ್ನಿಂದ ಅಂತ ಊರು ನಿನ್ನ ಕಡೆ ಬೆರಳು ಮಾಡೂದು ಬೇಡ" ಅಂದ. ಅವಳು ಬಾಯಿ ತೆರೆದರೆ ಕಣ್ಣಲ್ಲೇ ತಡೆಯುತ್ತಿದ್ದ. ಬೀರಣ್ಣನಿಗಾದರೂ ಹೇಳಬೇಕಿತ್ತು. ಅವನೇ ಆಯಿಯನ್ನು ಹೊತ್ತವನಾದರೂ, ಒಳಗೆ ಅಪ್ಪ ಒಲೆ ಒಡೆದದ್ದು ಅವನಿಗೆ ಗೊತ್ತಿರಲಿಲ್ಲ; ಹೊಗೆ ನಿಂತದ್ದು ಕಂಡು ಮಾಸ್ತರು ಬೇರೆ ಏನಾದರೂ ವ್ಯವಸ್ಥೆ ಮಾಡಿರುತ್ತಾರೆ, ಆಮೇಲೆ ಉದಾಸೀನ ಮಾಡಿದರು ಅಂತಲೇ ಅವನು ತಿಳಿದ. ಮುಂದೆ ತೋಟದ ಯಜಮಾನ ತೀರಿಕೊಂಡ, ಮಕ್ಕಳು ದಾರಿಗೆ ಅಡ್ಡವಾಗಿ ಕಲ್ಲಿನ ಪಾಗಾರ ಕಟ್ಟಿದರು. ಬೀರಣ್ಣ ಜಗಲಿಗೆ ಬಂದು ನಿಂತ. ಅಪ್ಪನ ಹತ್ತಿರ ತೋರಿಸಲು ಏನೂ ಇರಲಿಲ್ಲ. ತಾನೇ ಹೋಗಿ ಆ ಹುಡುಗರಿಗೆ ಕಾಗದದಲ್ಲಿ ಇದ್ದದ್ದನ್ನು ಬಾಯಲ್ಲಿ ಹೇಳಿದ. "ಎಲ್ಲುಂಟು ಮಾಸ್ತರೇ, ತೋರ್ಸಿ" ಅಂದರಂತೆ. ಎತ್ತು ಹೋಗುವ ದಾರಿ ಇಲ್ಲದೆ ಬೀರಣ್ಣನ ಗಜನಿ ಬೀಳು ಬಿತ್ತು, ಮಗ ಕಾರವಾರದಲ್ಲಿ ಗಾರೆ ಕೆಲಸಕ್ಕೆ ಹೋದ. ಬೀರಣ್ಣ ನಮ್ಮ ಅಂಗಳ ತುಳಿಯುವುದನ್ನು ಬಿಟ್ಟ. ದಾರಿಯಲ್ಲಿ ಎದುರಾದರೂ ಅಪ್ಪನಿಗೆ ಮುಖ ಕೊಡುತ್ತಿರಲಿಲ್ಲ. ಅಪ್ಪ ಮಾತ್ರ ಪ್ರತಿ ಸಲವೂ ನಿಂತು, "ಹೇಗಿದ್ದಿ ಬೀರಣ್ಣಾ" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದ.

ಹೀಗೆ ವರ್ಷಗಳು ಹೋದವು. ನನ್ನ ಮದುವೆಯಾಯಿತು, ಈ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಕಾರವಾರದಲ್ಲಿ ಸಂಸಾರ ಹೂಡಿದೆ. ಕಾಗದ ಕಾಯುವ ಶಾಸ್ತ್ರವನ್ನು ನಾನು ಆಮೇಲೆ ಕಲಿತೆ. ಎಷ್ಟು ತೇವ ಇರಬೇಕು, ಎಂಥ ಪೆಟ್ಟಿಗೆ ಬೇಕು, ಮಸಿ ಹಿಡಿದದ್ದನ್ನು ಹೇಗೆ ಒರೆಸಬೇಕು, ಎಲ್ಲ. ಅಪ್ಪನಿಗೆ ಹೇಳಿದರೆ ಆಸೆಯಿಂದ ಕೇಳುತ್ತಿದ್ದ, "ಹೌದಾ, ಹಾಗೂ ಮಾಡ್ಬಹುದಿತ್ತಾ" ಅನ್ನುತ್ತಿದ್ದ. ಆಮೇಲೆ ನಾನೇ ಹೇಳುವುದನ್ನು ನಿಲ್ಲಿಸಿದೆ. ಆಯಿ ತೆಂಗಿನ ಸಸಿಗೆ ನೀರು ಹಾಕುತ್ತಿದ್ದಳು, ಸಂತೆಗೆ ನಡೆದೇ ಹೋಗುತ್ತಿದ್ದಳು, ನನ್ನ ಎರಡೂ ಬಾಣಂತನ ಮಾಡಿದಳು. ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ಯುವಾಗ ಹಾಡುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಪ್ಪ ಒಂದು ಬೆಳಿಗ್ಗೆ ಚಹಾ ಕುಡಿದು ಕೂತಲ್ಲೇ ಹೋದ. ನಾನು ಕಾರವಾರದಿಂದ ಬರುವಾಗ ಅಂಗಳ ತುಂಬ ಜನ. ಶಾಲೆಯಲ್ಲಿ ಅವನ ಕೈಯಲ್ಲಿ ಕಲಿತವರು, ಪೇಟೆಯವರು, ಅವರ್ಸಾದಿಂದ ಮಾಮನ ಮನೆಯವರು. ಅಪ್ಪನನ್ನು ಜಗಲಿಯಲ್ಲಿ ಮಲಗಿಸಿದ್ದರು. ಆಯಿ ಗೋಡೆಗೆ ಒರಗಿ ಅಲ್ಲಾಡದೆ ಕೂತಿದ್ದಳು, ಅತ್ತಿರಲಿಲ್ಲ. ಬೀರಣ್ಣನೂ ಬಂದಿದ್ದ. ಮುದುಕನಾಗಿದ್ದ, ಕೋಲು ಹಿಡಿದಿದ್ದ. ಹೆಣದ ಕಾಲ ಬುಡದಲ್ಲಿ ನಿಂತು ಬಹಳ ಹೊತ್ತು ನೋಡಿದ. ಯಾರೋ "ಮಾಸ್ತರ್ರಂಥವರು ಇನ್ನು ಹುಟ್ಟೂದಿಲ್ಲ" ಅಂದರು. ಬೀರಣ್ಣ ಅದಕ್ಕೆ, ಯಾರಿಗೂ ಅಲ್ಲ ಅನ್ನುವ ಹಾಗೆ, "ಒಳ್ಳೆಯವನೇ. ಆದರೆ ಊರಿನ ಕಾಗದ ಒರಲೆಗೆ ಕೊಟ್ಟ" ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ಸುಸ್ತಾದವನ ಮಾತು ಅದು. ಸುತ್ತ ನಿಂತವರು ನೆಲ ನೋಡಿದರು. ನಾನು ಅಪ್ಪನ ಮುಖ ನೋಡಿದೆ, ಇನ್ನೂ ಅವನೇ ಕಣ್ಣಲ್ಲಿ ತಡೆಯುತ್ತಾನೆ ಅನ್ನುವ ಹಾಗೆ.

ಆಯಿ ಎದ್ದಳು. ಕಂಬ ಹಿಡಿಯಲಿಲ್ಲ. ಜಗಲಿಯ ಅಂಚಿಗೆ ಬಂದು ನಿಂತು, ಅಂಗಳದ ಆ ಕೊನೆಗೆ, ಬಾವಿಕಟ್ಟೆಯ ಹತ್ತಿರ ಬಿದಿರು ಕಡಿಯುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು.

"ಒರಲೆಗೆ ಕೊಟ್ಟದ್ದಲ್ಲ ಬೀರಣ್ಣಾ! ನನಗೆ ಕೊಟ್ಟದ್ದು. ಕಾಗದಕ್ಕೆ ಹೊಗೆ ಬೇಕಿತ್ತು, ನನಗೆ ಉಸಿರು ಬೇಕಿತ್ತು. ನೀನೇ ಹೊತ್ಕಂಡು ಓಡಿದೆಯಲ್ಲ ನನ್ನ, ಮರೆತ್ಯಾ? ಆವತ್ತು ಬಂದು ಒಲೆ ಒಡೆದ ಅವ. ನನ್ನ ಹೆಸರು ಬರ್ಬಾರ್ದು ಅಂತ ಇಷ್ಟು ವರ್ಷ ನಿಮ್ಮೆಲ್ಲರ ಬಾಯಿಗೆ ತಾನು ಬಿದ್ದ. ನಿನ್ನ ದಾರಿ ನುಂಗಿದವಳು ನಾನು. ಕೇಳೂದಿದ್ರೆ ನನ್ನ ಕೇಳು!"

ಬಿದಿರು ಕಡಿಯುವ ಸದ್ದು ನಿಂತಿತು. ಬೀರಣ್ಣ ಕೋಲನ್ನು ಕಂಬಕ್ಕೆ ಒರಗಿಸಿ, ಬಗ್ಗಲಾಗದವನು ಬಗ್ಗಿ, ಅಪ್ಪನ ಎರಡೂ ಪಾದಗಳ ಮೇಲೆ ಕೈ ಇಟ್ಟ, ಇಟ್ಟ ಕೈ ತೆಗೆಯಲಿಲ್ಲ. ಆಯಿ ಹಿಂದೆ ಬಂದು ನನ್ನ ಪಕ್ಕ ಕೂತಳು. ಅಷ್ಟು ಜೋರಾಗಿ ಕೂಗಿದವಳಿಗೆ ಈಗ ಬರುತ್ತದೆ, ಈಗ ಬರುತ್ತದೆ ಅಂತ ನಾನು ನೀರಿನ ತಂಬಿಗೆ ಹಿಡಿದು ಕಾದೆ. ಕೆಮ್ಮು ಬರಲಿಲ್ಲ.